ಗಡಿ ನಡೆಯುವ ದಿನ

“ಗುರುಗಳೇ, ಜನರಿಗಾಗಿ ನ್ಯಾಯವಾಗಿ ದುಡಿದವನೂ ಕೊನೆಗೆ ಒಂಟಿಯಾಗುವುದೇಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳತೊಡಗಿದರು.

ಅಮೆರಿಕವು ಇಂಗ್ಲೆಂಡಿನ ದೊರೆಯ ಆಳ್ವಿಕೆಯಲ್ಲಿದ್ದ ಕಾಲ. ಅಲ್ಲಿ ಒಬ್ಬ ಜಮೀನುದಾರನಿದ್ದ. ಆ ಸೀಮೆಯಲ್ಲಿ ಹೊಲಗಳಿಗೆ ಮರಗಳೇ ಗಡಿ. ಮರದ ಮೈಮೇಲೆ ಕೊಡಲಿಯಿಂದ ಕೆತ್ತಿದ ಗುರುತೇ ಸಾಕ್ಷಿ. ನಾಲ್ಕು ವರ್ಷಕ್ಕೊಮ್ಮೆ ವಸಂತದಲ್ಲಿ ನೆರೆಯವರೆಲ್ಲ ಕೂಡಿ ಗಡಿಯುದ್ದಕ್ಕೂ ನಡೆದು, ಮಾಸಿದ ಗುರುತನ್ನು ಮತ್ತೆ ಕೆತ್ತಬೇಕು.

ಆ ದಿನ ಬಂತೆಂದರೆ ಜಮೀನುದಾರನಿಗೆ ತಲೆನೋವು. ನೆರೆಯ ರೈತ ಪ್ರತಿ ಮರದ ಬುಡದಲ್ಲೂ ತಕರಾರು ತೆಗೆಯುತ್ತಿದ್ದ.

“ಯಜಮಾನರೇ, ಹೋದ ಸಲ ಈ ಮರ ಅಲ್ಲಿತ್ತು. ನನ್ನ ಹೊಲದ ಕಡೆಗೆ ತಾನೇ ನಡೆದು ಬಂತೋ?”

“ನಿನ್ನ ಹಂದಿಗಳು ದಿನಾ ನನ್ನ ಮೆಕ್ಕೆಜೋಳಕ್ಕೆ ನುಗ್ಗುತ್ತವಲ್ಲ, ಹಿಂದಿರುಗುವಾಗ ಅವುಗಳ ಬೆನ್ನು ಹತ್ತಿ ಬಂದಿರಬೇಕು!”

ಬೈದಾಡಿ, ನಕ್ಕು, ಹೊತ್ತು ಇಳಿಯುವಾಗ ಎಲ್ಲರೂ ಜಮೀನುದಾರನ ಮನೆಯಲ್ಲಿ ಉಣ್ಣುತ್ತಿದ್ದರು.

ಮುಂದೆ ದೊರೆಯ ವಿರುದ್ಧ ಯುದ್ಧ ಮೊದಲಾಯಿತು. ಜಮೀನುದಾರ ಬಂದೂಕು ಹಿಡಿದು ಹೋದ. ಏಳು ವರ್ಷ ಕಾದಿ, ಗೆದ್ದು ಮರಳಿದಾಗ ಹೆಂಡತಿ ತೀರಿಹೋಗಿದ್ದಳು. ಜನ ಅವನನ್ನು ಶಾಸನಸಭೆಗೆ ಆರಿಸಿ ಕಳುಹಿಸಿದರು. ಆ ವರ್ಷವೇ ದೂರದ ಊರೊಂದರಲ್ಲಿ ಗಡಿಯ ಜಗಳದಲ್ಲಿ ಕೊಡಲಿಯೇಟಿಗೆ ಒಬ್ಬನ ಕೊಲೆಯಾಯಿತು. ಸಾಕಷ್ಟು ಸಾವು ಕಂಡಿದ್ದ ಅವನು ಪಟ್ಟು ಹಿಡಿದು ಕಾನೂನು ಮಾಡಿಸಿದ. ಇನ್ನು ಸರ್ಕಾರವೇ ಭೂಮಿ ಅಳೆದು ಕಲ್ಲು ನೆಡುವುದು. ಯಾರೂ ಗಡಿ ನಡೆಯಬೇಕಾಗಿಲ್ಲ. ಜಗಳಗಳು ನಿಂತವು. ಎಲ್ಲರೂ ಅವನನ್ನು ಹೊಗಳಿದರು.

ಮುಪ್ಪಿನಲ್ಲಿ ಅವನು ಸಭೆ ಬಿಟ್ಟು ಮನೆಗೆ ಬಂದ. ಹಿಂದೆ ಗಡಿ ನಡೆಯುತ್ತಿದ್ದ ದಿನವೂ ಬಂತು. ಬೆಳಗಿನಿಂದ ಬಾಗಿಲ ಕಡೆಗೇ ನೋಡಿದ, ಯಾರೂ ಬರಲಿಲ್ಲ. ಒಬ್ಬನೇ ಎದ್ದು ಗಡಿ ನಡೆದ. ಹಳೆಯ ಗುರುತುಗಳನ್ನು ತೊಗಟೆ ಬೆಳೆದು ಮುಚ್ಚಿತ್ತು. ಸರ್ಕಾರದ ಕಲ್ಲನ್ನು ದಾಟಿ, ಹತ್ತು ಹೆಜ್ಜೆ ಆಚೆ ನಿಂತು, “ಇದೂ ನನ್ನದೇ!” ಎಂದು ಕೂಗಿದ. ಸುಳ್ಳೆಂದು ಅವನಿಗೆ ಗೊತ್ತಿತ್ತು. ಅಲ್ಲವೆನ್ನಲು ಅಲ್ಲಿ ಯಾರೂ ಇರಲಿಲ್ಲ.

ಎದುರಿಗೆ ಆ ನೆರೆಯ ರೈತನ ಮನೆಯ ಹೊಗೆ ಕಾಣುತ್ತಿತ್ತು. ಹೋಗಿ ಬರೋಣವೆನಿಸಿತು. ‘ಏನು ನೆಪ ಹೇಳಲಿ?’ ಎಂದುಕೊಂಡು ಹಿಂದಿರುಗಿದ.

ಗುರು ಕಥೆ ಮುಗಿಸಿದರು.

“ಹಾಗಾದರೆ ಅವನು ಮಾಡಿಸಿದ ಕಾನೂನು ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು: “ತಪ್ಪಲ್ಲ; ಅಂದು ಆ ನೆರೆಯವನೂ ಇವನಲ್ಲಿಗೆ ಬರಲು ನೆಪ ಹುಡುಕುತ್ತ ತನ್ನ ಬಾಗಿಲಲ್ಲಿ ಕುಳಿತಿದ್ದ.”