ಆನೆ ಹೂತ ಕೆರೆ

ತೊರೆಗುಂದಿಯ ಪಡುವಣಕ್ಕೆ, ಎರೆಹೊಲಗಳ ನಡುವೆ, ಅಗಲಕ್ಕಿಂತ ಆಳಕ್ಕೆ ಹೆಸರಾದ ಒಂದು ಕೆರೆ ಇದೆ. ಪಂಚಾಯಿತಿಯವರು ಏರಿಯ ಮೇಲೆ ನಿಲ್ಲಿಸಿದ ಫಲಕ ಅದನ್ನು ‘ಆನೆ ಹೂತ ಕೆರೆ’ ಎನ್ನುತ್ತದೆ. ಹೊರಗಿನವರು ಬಂದು ಕೇಳಿದರೆ ಊರವರು ಪಟ್ಟದಾನೆ, ದಂಡಯಾತ್ರೆ, ಬಂಗಾರದ ಅಂಬಾರಿ ಎಂದು ಶುರುಮಾಡುತ್ತಾರೆ. ಯಾವ ರಾಜನ ಆನೆ ಎಂದು ಕೇಳಿದರೆ ಚಹಾ ತರಿಸುತ್ತಾರೆ. ನೂಲಿಗೆ ನೀಲಿ ಬಣ್ಣ ಹಾಕುವ ನೀಲಗಾರರ ಓಣಿಯಲ್ಲಿ ಮಾತ್ರ ಇನ್ನೊಂದು ಕಥೆ ಇದೆ. ಅದರಲ್ಲಿ ರಾಜನೂ ಇಲ್ಲ, ಆನೆಯೂ ಇಲ್ಲ. ಇದ್ದುದರಲ್ಲಿ ನಂಬಬಹುದಾದದ್ದು ಅದೊಂದೇ.

ಹಿಂದೆ ಒಮ್ಮೆ, ನೂಲಿನ ಬಣ್ಣವೆಲ್ಲ ಗಿಡದಿಂದಲೋ ಹುಳುವಿನಿಂದಲೋ ಬರುತ್ತಿದ್ದ ಕಾಲದಲ್ಲಿ, ಆ ಓಣಿಯಲ್ಲಿ ಸಾವಂತ್ರೆವ್ವ ಎಂಬ ವಿಧವೆ ಇದ್ದಳು. ಕೆಂಪಿಗೆ ಮಡ್ಡಿಯ ಬೇರು, ಅರಗು; ಹಳದಿಗೆ ದಾಳಿಂಬೆ ಸಿಪ್ಪೆ; ಕಪ್ಪಿಗೆ ಅಳಲೆಕಾಯಿ. ಇವನ್ನೆಲ್ಲ ಕುದಿಸುವ ತಾಳ್ಮೆ ಇದ್ದರೆ ಯಾರಾದರೂ ಮಾಡಬಹುದು. ನೀಲಿ ಹಾಗಲ್ಲ. ನೀಲಿ ಗಿಡದ ಉಂಡೆಯನ್ನು ಸುಣ್ಣದ ತಿಳಿಯಲ್ಲಿ ಕರಗಿಸಿ, ಬೇಯಿಸಿದ ತಗಚೆ ಬೀಜ ಮತ್ತು ಬೆಲ್ಲ ಉಣ್ಣಿಸಿ, ನೆಲದಲ್ಲಿ ಹೂತ ಹರವಿಯಲ್ಲಿ, ಎಂದರೆ ದೊಡ್ಡ ಮಣ್ಣಿನ ಗಡಿಗೆಯಲ್ಲಿ, ಹುಳಿಯಲು ಬಿಡಬೇಕು. ಹರವಿ ಉಸಿರಾಡುತ್ತದೆ, ಮುನಿಯುತ್ತದೆ, ಸಾಯುತ್ತದೆ ಎಂದು ನೀಲಗಾರರು ನಂಬಿದ್ದರು. ಸಾವಂತ್ರೆವ್ವನ ಮನೆಯ ಹರವಿಯನ್ನು ಅವಳ ಗಂಡನ ಮುತ್ತಜ್ಜನ ಕಾಲದಿಂದ ಒಮ್ಮೆಯೂ ಪೂರ್ತಿ ಬರಿದು ಮಾಡಿರಲಿಲ್ಲ. ಹಳೆಯ ಗಸಿಯ ಮೇಲೆಯೇ ಹೊಸ ಬಣ್ಣ ಹುಟ್ಟುತ್ತಿತ್ತು. ಹೆಂಗಸರು ಹರವಿಯ ಹತ್ತಿರ ಸುಳಿಯಬಾರದೆಂಬುದು ಕಟ್ಟಳೆ. ಅದಕ್ಕೆ ಸುಣ್ಣ ಹೊತ್ತು ತರುವುದು, ಬೀಜ ಬೇಯಿಸುವುದು ಮಾತ್ರ ಹೆಂಗಸರ ಕೆಲಸ. ಕಟ್ಟಳೆ ಮಾಡಿದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಗಂಡ ಸತ್ತ ಮೇಲೆ ಸಾವಂತ್ರೆವ್ವ ತಾನೇ ಹರವಿಯ ಮುಂದೆ ಕುಳಿತಳು. ಓಣಿಯ ದೈವ, ಎಂದರೆ ಹಿರಿಯರ ಸಭೆ, ಕೂಡಿತು. ಅಮಾವಾಸ್ಯೆಯೊಳಗೆ ಹರವಿ ಬಣ್ಣ ಬಿಟ್ಟರೆ ಅದು ಅವಳದು, ಬಿಡದಿದ್ದರೆ ಮೈದುನ ಬಾಳಪ್ಪನದು ಎಂದು ಹಿರಿಯರು ತೀರ್ಮಾನಿಸಿದರು. ಹರವಿ ಹೋದರೆ ಅವಳಿಗೆ ಉಳಿಯುವುದು ಮೈದುನನ ಮನೆಯ ಒಲೆ, ಅವನ ಹರವಿಗೆ ಬೇಯಿಸುವ ಬೀಜ. ತೀರ್ಮಾನ ಕೊಟ್ಟ ಹಿರಿಯರು ಸುಮ್ಮನೆ ಕೂರಲಿಲ್ಲ. ಬೆಳಗಾದರೆ ಒಬ್ಬೊಬ್ಬರಾಗಿ ಬಂದು ಮುಚ್ಚಳ ಸರಿಸಿ, ಮೂಸಿ, ಕೋಲಿನಿಂದ ಕಲಕಿ, ತಲೆಯಾಡಿಸಿ ಹೋಗುತ್ತಿದ್ದರು. ಬಾಳಪ್ಪ ಹೊತ್ತಿಗೊಮ್ಮೆ ಬಂದು ಹೆಚ್ಚೇ ಕಲಕುತ್ತಿದ್ದ. ಹರವಿ ಕೆಟ್ಟಿತು. ನೀರು ಕೊಚ್ಚೆಯ ಬಣ್ಣಕ್ಕೆ ತಿರುಗಿತು, ಅದ್ದಿದ ನೂಲು ಒಲೆಯೊರಸುವ ಬಟ್ಟೆಯ ಹಾಗೆ ಹೊರಬಂತು.

“ವೈನಿ, ಹೆಣಕ್ಕ ಎಷ್ಟು ಬೆಲ್ಲಾ ಉಣಸ್ತೀರಿ?” ಎಂದ ಬಾಳಪ್ಪ, ಮತ್ತೊಮ್ಮೆ ಕಲಕುತ್ತ.

ಸತ್ತ ಹರವಿಗೆ ನೀಲಗಾರರಲ್ಲಿ ಒಂದೇ ಮದ್ದು ಇತ್ತು. ಹರವಿಯ ಒಡೆಯ ಒಂದು ದೊಡ್ಡ ಸುಳ್ಳನ್ನು ಒಬ್ಬರೇ ಒಬ್ಬರ ಕಿವಿಗೆ ಹಾಕಬೇಕು. ಅದು ಊರೆಲ್ಲ ಸುತ್ತಿ, ಬೇರೆಯವರ ಬಾಯಿಂದ ಅವನ ಕಿವಿಗೇ ಮರಳಿದರೆ ಹರವಿ ಏಳುತ್ತದೆ ಎನ್ನುತ್ತಾರೆ. ತೊಂದರೆಯೆಂದರೆ ಸಾವಂತ್ರೆವ್ವನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಕುಂಬಾರರ ಕತ್ತೆ ಅವಳಿ ಮರಿ ಹಾಕಿದೆ ಎಂದು ಗಾಣದ ತಿರಕವ್ವನಿಗೆ ಹೇಳಿದಳು.

“ನಿನಗೀಗ ಗೊತ್ತಾತೇನು?” ಎಂದಳು ತಿರಕವ್ವ. “ಒಂದು ಕರೇದು, ಒಂದು ಬೂದಿ. ನಿನ್ನೇನs ನೋಡಿ ಬಂದೆ.”

ಸಾವಂತ್ರೆವ್ವನಿಗೆ ಅಳು ಬಂತು. ಅಮಾವಾಸ್ಯೆ ಹತ್ತಿರವಿತ್ತು. ಎಷ್ಟು ಹಾಳು ಊರು, ಸುಳ್ಳೆಂದು ಹೇಳಿದ್ದೂ ಇಲ್ಲಿ ನಡೆದೇಬಿಟ್ಟಿರುತ್ತದೆ. ನಡೆಯಲು ಸಾಧ್ಯವೇ ಇಲ್ಲದ್ದನ್ನು ಹೇಳಬೇಕು ಎನಿಸಿದಾಗ ಅವಳ ಕಣ್ಣು ಕೆರೆಯ ಕಡೆ ಹೋಯಿತು. ಕೆರೆ ಎಂದರೆ ಆಗ ಮೊಣಕಾಲುದ್ದದ ರಾಡಿ. ಹೂಳೆತ್ತಲು ಗೌಡರು ವರ್ಷ ವರ್ಷ ಡಂಗುರ ಸಾರಿಸುತ್ತಿದ್ದರು. ಊರು ವರ್ಷ ವರ್ಷ ನಡುನೋವೆಂದು ಮಲಗುತ್ತಿತ್ತು. “ತಿರಕವ್ವಾ,” ಎಂದಳು ಸಾವಂತ್ರೆವ್ವ, ಧ್ವನಿ ತಗ್ಗಿಸಿ, “ಯಾರ ಮುಂದೂ ಅನಬ್ಯಾಡ. ಕೆರ್ಯಾಗ ಒಂದು ಆನಿ ಹೂತು ಹೋಗೇತಿ.”

ಯಾರ ಮುಂದೂ ಅನಬ್ಯಾಡ ಎಂದದ್ದೇ ಕೆಲಸ ಮಾಡಿತು. ಸಾವಂತ್ರೆವ್ವ ಮನೆಗೆ ಬಂದು ಕಂಬಳಿಯನ್ನು ಹರವಿಯ ಮೇಲೆ ಬಿಗಿಯುವಷ್ಟರಲ್ಲಿ ಬಾಳಪ್ಪ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. “ವೈನಿ, ಹಗ್ಗ ಕೊಡ್ರಿ! ಕೆರ್ಯಾಗ ಆನಿ ಹೂತೇತಿ. ಮ್ಯಾಲ ಅಂಬಾರಿ ಐತಂತ, ಬಂಗಾರದ್ದು!”

“ಯಾರಂದ್ರಪ್ಪಾ?”

“ಯಾರರ ಅನ್ನೂದೇನು? ಸೊಂಡಿಲಿನ ತುದಿ ನಾನs ನೋಡೇನಿ!”

ಸುಳ್ಳು ಮರಳಿ ಬಂದಿತ್ತು, ಅಂಬಾರಿ ಹೊತ್ತುಕೊಂಡು. ಊರು ಸಲಿಕೆ, ಬುಟ್ಟಿ, ಎತ್ತಿನ ಬಂಡಿ ತೆಗೆದುಕೊಂಡು ಕೆರೆಗಿಳಿಯಿತು. ನಡುನೋವಿನವರು ಎಲ್ಲರಿಗಿಂತ ಮುಂದಿದ್ದರು. ದೈವದ ಹಿರಿಯರು ಪಂಚೆ ಎತ್ತಿ ಕಟ್ಟಿ ಹೂಳು ಬಗೆದರು. ಎತ್ತಿದ ರಾಡಿಯನ್ನು ಸುರಿಯಲು ಜಾಗವಿಲ್ಲದೆ ಹೊಲಗಳಿಗೆ ಚೆಲ್ಲಿದರು. ಮನೆಯಲ್ಲೇ ಉಳಿದರೆ ಅನುಮಾನ ಬಂದೀತೆಂದು ಸಾವಂತ್ರೆವ್ವನೂ ಬುಟ್ಟಿ ಹಿಡಿದಳು. ದಿನಗಟ್ಟಲೆ ಅಗೆಯುತ್ತ ಅಗೆಯುತ್ತ, ಆನೆ ಸಿಕ್ಕೀತೇನೋ ಎಂದು ಅವಳಿಗೂ ಅನಿಸತೊಡಗಿತು. ಓಣಿಯಲ್ಲಿ ಹರವಿಯ ಮುಚ್ಚಳ ಎತ್ತುವವರು ಒಬ್ಬರೂ ಇರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಹಿರಿಯರು ಕೆಸರುಗಾಲಲ್ಲೇ ಬಂದರು. ಆನೆ ಸಿಗದ ಸಿಟ್ಟು ಮುಖದಲ್ಲಿತ್ತು. ಸಾವಂತ್ರೆವ್ವ ಕಂಬಳಿ ಬಿಚ್ಚಿದಳು. ಹರವಿಯ ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿತ್ತು. ಅಡಿಯಲ್ಲಿ ನೀರು ಹಳದಿಹಸಿರು. ನೂಲಿನ ಲಡಿಯನ್ನು ಮೆಲ್ಲಗೆ ಅದ್ದಿ ಎತ್ತಿದಳು. ಲಡಿ ಎಳೆ ಹುಲ್ಲಿನಂತೆ ಹಸಿರಾಗಿ ಬಂತು. ಹಸಿರು ಬಂದರೆ ಹರವಿ ಬದುಕಿದೆ ಎಂದು ಬಾಳಪ್ಪನಿಗೆ ಗೊತ್ತಿತ್ತು. ಏನೇ ಆದರೂ ಅವನೂ ನೀಲಗಾರ. ಎಲ್ಲರೂ ನೋಡುತ್ತಿದ್ದಂತೆ ಗಾಳಿ ತಾಗಿದ ತುದಿಯಿಂದ ಹಸಿರು ಕಂದಿ, ನೀಲಿ ಏರುತ್ತ ಏರುತ್ತ ಅವಳ ಬೆರಳಿನ ತನಕ ಬಂತು.

“ಅಂದ್ರ ಆನಿ ಸುಳ್ಳೇನು, ವೈನಿ?” ಎಂದ ಬಾಳಪ್ಪ.

“ಸುಳ್ಳ್ಯಾಕ ಆದೀತೋ? ಸೊಂಡಿಲು ನೀನs ನೋಡೀಯಲ್ಲ.”

ಹಿರಿಯರೊಬ್ಬರು ನಕ್ಕರು. ಮೊದಲು ಒಬ್ಬರೇ, ಆಮೇಲೆ ಎಲ್ಲರೂ, ಕೊನೆಗೆ ಬಾಳಪ್ಪನೂ. ಹರವಿ ಅವಳಿಗೆ ಉಳಿಯಿತು.

ಸುಳ್ಳು ಕೇಳಿ ಹರವಿ ಎದ್ದಿತು ಎನ್ನುತ್ತಾರೆ. ಆದರೆ ಕಲಕಿ ಕಲಕಿ ಗಾಳಿ ಹೊಕ್ಕರೆ ನೀಲಿ ಹುಳಿಯುವುದಿಲ್ಲ. ಕಲಕುವವರನ್ನೆಲ್ಲ ಸುಳ್ಳು ಕೆರೆಗೆ ಅಟ್ಟಿತು, ಅಷ್ಟೇ. ಹಾಗೆಂದು ಸುಳ್ಳಿನ ಮದ್ದು ದಡ್ಡತನದ್ದೆಂದು ಹೇಳಲೂ ಬರುವುದಿಲ್ಲ. ಆ ವರ್ಷದ ಮಳೆಗೆ ಕೆರೆ ತುಂಬಿತು, ಇಂದಿಗೂ ಬೇಸಿಗೆಯಲ್ಲಿ ಬತ್ತುವುದಿಲ್ಲ. ಹೋದವರು ಏರಿಯ ಮೇಲೆ ನಿಂತರೆ ನೀರು, ನೀರಿನಾಚೆ ಹೂಳುಂಡು ಕಪ್ಪಾದ ಹೊಲ, ಹೊಲದ ಬದುವಿನಲ್ಲಿ ಯಾರೋ ಇತ್ತೀಚೆಗೆ ಹಾಕಿದ ನೀಲಿ ಗಿಡದ ಸಾಲು ಕಾಣುತ್ತದೆ. ನೀಲಗಾರರ ಓಣಿಯ ಹುಡುಗಿಯೊಬ್ಬಳು ಅಲ್ಲಿ ಸೊಪ್ಪು ಕೊಯ್ಯುತ್ತಿರುತ್ತಾಳೆ, ಮೊಣಕೈವರೆಗೆ ನೀಲಿ. ನೀವು ಕೇಳದಿದ್ದರೂ, ಧ್ವನಿ ತಗ್ಗಿಸಿ, ನಿನ್ನೆ ಸಂಜೆ ಕೆರೆಯಲ್ಲಿ ದಂತದ ತುದಿ ಕಂಡಿತು, ಯಾರ ಮುಂದೂ ಅನಬೇಡಿ ಎಂದು ಹೇಳುತ್ತಾಳೆ. ಅವಳ ಹರವಿ ಕೆಟ್ಟಿರಬಹುದು; ಒಮ್ಮೆ ನೀರಿನ ಕಡೆ ನೋಡಿ, ಊರಲ್ಲಿ ನಾಲ್ಕು ಜನಕ್ಕೆ ಹೇಳಿ ಹೋಗುವುದು ಒಳ್ಳೆಯದು.