ಸೊಟ್ಟ ಮೂತಿಯ ಗಿಂಡಿ

ಹೊಳೆದಂಡೆಯಲ್ಲಿ ತಿಗರಿ ಹೂಡಿಕೊಂಡಿದ್ದ ಮಲಕಾಜಪ್ಪನೆಂಬ ಮುದುಕನ ಹತ್ತಿರ ವಾರಿಜಾ ಕುಂಬಾರಿಕೆ ಕಲಿಯುತ್ತಿದ್ದಳು. ಕೂತಲ್ಲಿ ಕೂರದ ಹುಡುಗಿ.

ಅವಳಿಗೆ ಬೇರೆ ಹೋಗಿ, ಮಡಕೆ ಸುಡಲು ತನ್ನದೇ ಒಂದು ಆವಿಗೆ ಹಚ್ಚುವ ಆಸೆ. ಗುರುವಿನ ಮಾತು ಒಂದೇ.

"ಮೂತಿ ನೆಟ್ಟಗಿರೋ ಒಂದು ಚಹಾದ ಗಿಂಡಿ ಸುಟ್ಟು ತೋರ್ಸು. ಅವತ್ತ ಹೋಗು."

ಮೊದಲ ಗಿಂಡಿ ಆವಿಗೆಯಿಂದ ಮೂತಿ ಸೊಟ್ಟಗೆ ಮಾಡಿಕೊಂಡು ಬಂತು. ಹೊಟ್ಟೆ ದಪ್ಪವಾಯಿತೇನೋ ಎಂದು ಎರಡನೆಯದನ್ನು ದೋಣಿಯ ಹಾಗೆ ಮಾಡಿದಳು. ಮೂರನೆಯದಕ್ಕೆ ಎರಡು ಹೊಟ್ಟೆ. ನಾಲ್ಕನೆಯದು ಕಾವಿಗೆ ಕೂತ ಕೋಳಿ. ಆಮೇಲೆ ಹಿಡಿ ಬದಲಾಯಿತು, ಮುಚ್ಚಳ ಬದಲಾಯಿತು, ಮಣ್ಣೂ ಬದಲಾಯಿತು. ಏಳೂ ಸೊಟ್ಟ. ಒಂದೊಂದನ್ನೂ ತಿರುಗಿ ನೋಡದೆ ಹಿತ್ತಲಿಗೆ ಸಾಗಿಸಿದಳು.

"ಆವಿಗೀನ ಸರಿ ಇಲ್ಲ. ನಾ ಮೂತಿ ನೆಟ್ಟಗ ಕೊಯ್ದೀನಿ" ಎಂದಳು. ನೆಲ ಡೊಂಕು ಅನ್ನುವವರು ಯಾವ ಕಾಲಕ್ಕೂ ಇರುತ್ತಾರೆ.

ಮುದುಕ ತಿಗರಿಗೆ ಮಣ್ಣು ಹಾಕಿದ. ತಾನೇ ಒಂದು ಗಿಂಡಿ ಮಾಡಿದ. ಮೂತಿಯನ್ನೂ ತಿಗರಿಯ ಮೇಲೆಯೇ ತಿರುಗಿಸಿ ಮಾಡಿ, ಹೊಟ್ಟೆಗೆ ಅಂಟಿಸಿದ. ಅದರ ತುದಿಯನ್ನು ಬಲಕ್ಕೆ ವಾರೆಯಾಗಿ ಕೊಯ್ದು, ಕೈ ತೊಳೆಯಲು ಹೊಳೆಗೆ ಹೋದ.

ವಾರಿಜಾ ಆ ವಾರೆ ತುದಿಯನ್ನು ನೋಡಿದಳು. ಪಾಪ, ಅಜ್ಜನ ಕಣ್ಣು ಮಂಜಾಗಿವೆ ಎಂದುಕೊಂಡಳು. ಮಣ್ಣು ಕೊಯ್ಯುವ ತಂತಿ ತೆಗೆದುಕೊಂಡು ತುದಿಯನ್ನು ನೆಟ್ಟಗೆ ಕೊಯ್ದಿಟ್ಟಳು.

ಆವಿಗೆ ಆರಿದಾಗ ಗುರುವಿನ ಗಿಂಡಿಯ ಮೂತಿಯೂ ಎಡಕ್ಕೆ ಸೊಟ್ಟಗಾಗಿತ್ತು. ಮುದುಕ ಕಪ್ಪನ್ನು ಒಂದಿಷ್ಟು ಎಡಕ್ಕೆ ಸರಿಸಿ ಚಹಾ ಬಗ್ಗಿಸಿಕೊಂಡ.

"ಅಜ್ಜಾ, ಅದನ್ನ ಕೆಡಿಸಿದಾಕಿ ನಾನು. ನಿಮಗ ಕಣ್ಣು ಕಾಣವಲ್ದು ಅಂತ ಮೂತಿ ನೆಟ್ಟಗ ಮಾಡಿದೆ."

"ಹಿತ್ತಲದಾಗಿನ ಗಿಂಡಿ ತಗೊಂಡು ಬಾ."

ಏಳನ್ನೂ ತಂದು ಎಂಟನೆಯದರ ಸಾಲಿಗೆ ಇಟ್ಟಳು. ದೋಣಿಗೂ ಕೋಳಿಗೂ ಎಲ್ಲಿಯ ಹೋಲಿಕೆ. ಮೂತಿಗಳು ಮಾತ್ರ ಎಲ್ಲವೂ ಎಡಕ್ಕೇ, ಒಂದೇ ಅಳತೆಗೆ ತಿರುಗಿದ್ದವು.

ವಾರಿಜಾ ಕೂತಳು. ಬಹಳ ಹೊತ್ತು ನೋಡಿದಳು.

"ತಿಗರಿ ಮ್ಯಾಲ ತಿರುಗಿದ ಮಣ್ಣು ಬೆಂಕ್ಯಾಗ ಇನ್ನೊಂದೀಟು ತಿರುಗತೈತಿ. ಅದಕ್ಕ ನೀವು ವಾರೆ ಕೊಯ್ದಿದ್ರಿ."

ಮುದುಕ ತಲೆಯಾಡಿಸಿದ. ಅವಳಿಗೆ ಸಿಟ್ಟು ಬಂತು.

"ಇದನ್ನ ಮೊದಲ ಯಾಕ ಹೇಳಲಿಲ್ಲ?"

ಮುದುಕ ಕಪ್ಪನ್ನು ಕೆಳಗಿಟ್ಟ.

"ಮೊದಲ್ನೇ ಗಿಂಡಿ ಹೇಳಾಕ ಹತ್ತಿತ್ತವ್ವಾ. ನೀ ಎರಡನೇದಕ್ಕ ಎದ್ದು ಹೋದಿ."