ಸುಣ್ಣದ ಬೊಟ್ಟು

ಶಿಷ್ಯೆ ತಾಹಿರಾ ಕೇಳಿದಳು: “ಮೇಡಂ, ತಪಾಸಣೆಯಲ್ಲಿ ದೋಷ ಕಂಡಿದೆ. ನಮ್ಮ ಕೈಯಲ್ಲಿ ಚಿಕಿತ್ಸೆಯೂ ಇದೆ. ಆದರೂ ಏನೂ ಮಾಡದೆ ಹೆಂಗಸನ್ನು ಮನೆಗೆ ಕಳಿಸುವುದು ವೈದ್ಯರಿಗೆ ಒಪ್ಪುವ ಕೆಲಸವೇ?”

ಹಿರಿಯ ವೈದ್ಯೆ ಅಂಬುಜಾಕ್ಷಮ್ಮ ಕನ್ನಡಕ ತೆಗೆದಿಟ್ಟು ಈ ಕತೆ ಹೇಳಿದರು.

ಒಬ್ಬಳು ರೈತ ಹೆಂಗಸಿದ್ದಳು. ತಂಬೂರಿ ಮಾಡುವವರಿಗಾಗಿ ಸೋರೆ ಬೆಳೆಯುತ್ತಿದ್ದಳು. ತಂಬೂರಿಯ ಸೋರೆ ಬಳ್ಳಿಯಲ್ಲೇ ಬಲಿಯಬೇಕು. ಎಳೆಯದನ್ನು ಕಿತ್ತರೆ ಹುಳಿಗೆ ಆದೀತು, ಶ್ರುತಿಗೆ ಆಗದು. ಹಾಗಾಗಿ ಅವಳ ದಿನವೆಲ್ಲ ಹೊಲ ಕಾಯುವುದರಲ್ಲೇ ಹೋಗುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಒಂದು ಮಗು ಬೇಕೆಂಬ ಆಸೆ ಬಿಟ್ಟರೆ ಅವಳಿಗೆ ಬೇರೆ ಕೊರತೆ ಇರಲಿಲ್ಲ.

ಊರಿಗೆ ತಪಾಸಣೆಯವರು ಬಂದರು. ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿದರು. ಅವಳ ಚೀಟಿಯಲ್ಲಿ ‘ಅಸಹಜ’ ಎಂದು ಬರೆದಿತ್ತು. ಆ ಒಂದು ಪದವನ್ನು ಅವಳು ಕ್ಯಾನ್ಸರ್ ಎಂದೇ ಓದಿಕೊಂಡಳು. ಧೈರ್ಯ ಹೇಳಲು ಬಂದ ಓರಗಿತ್ತಿ, ಆಗಲೇ ತೀರಿಕೊಂಡವಳನ್ನು ನೋಡುವ ಹಾಗೆ ನೋಡಿ ಎದ್ದು ಹೋದಳು. ಕೆಟ್ಟದ್ದು ಒಳಗಿರುವುದೇ ಬೇಡ, ಗರ್ಭಕೋಶವೇ ಹೋದರೂ ಸರಿ, ಕೊಯ್ದು ತೆಗೆಸಿಬಿಡಬೇಕು ಎಂದು ಹೆಂಗಸು ನಿಶ್ಚಯಿಸಿದಳು. ಮಗುವಿನ ಆಸೆಯನ್ನೂ ಅಲ್ಲಿಗೇ ಬಿಟ್ಟು ಪೇಟೆಯ ವೈದ್ಯೆಯ ಹತ್ತಿರ ಹೋದಳು.

ವೈದ್ಯೆ ಯಂತ್ರವಿಟ್ಟು ಹತ್ತಿರದಿಂದ ನೋಡಿದಳು. ಬದಲಾವಣೆ ಆಳಕ್ಕೆ ಹೋಗಿದ್ದರೆ ಆ ವಾರವೇ ಕೊಯ್ದು ತೆಗೆಯುತ್ತಿದ್ದಳು. ಆದರೆ ಇದು ತೀರ ಸಣ್ಣದು. ಇಂಥವುಗಳಲ್ಲಿ ಹೆಚ್ಚಿನವು ತಾವಾಗಿಯೇ ಮಾಯುತ್ತವೆ. ಸುಮ್ಮನೆ ಕೊಯ್ದರೆ ಕೊರಳಿನ ಬಿಗಿ ಕಡಿಮೆಯಾಗಬಹುದು. ನಾಳೆ ಬಸುರಾದರೆ ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಬಹುದು. ಇದನ್ನೆಲ್ಲ ವೈದ್ಯೆ ಬಿಡಿಸಿ ಹೇಳಿದಳು. ಹೆಂಗಸಿನ ಕಿವಿಗೆ ಒಂದೂ ಬೀಳಲಿಲ್ಲ.

“ತೆಗೆದುಬಿಡಿ ಡಾಕ್ಟ್ರಮ್ಮ. ನಂಗೆ ನೆಮ್ಮದಿ ಬೇಕು.”

ಅವಳ ಕಸುಬನ್ನು ಮೊದಲೇ ಕೇಳಿ ತಿಳಿದಿದ್ದ ವೈದ್ಯೆ, “ಸೋರೆ ಮೇಲೆ ಕಲೆ ಕಂಡ್ರೆ ಏನು ಮಾಡ್ತೀಯಮ್ಮ?” ಎಂದಳು.

“ಕಲೆ ಅಂಚಿಗೆ ಸುಣ್ಣದ ಬೊಟ್ಟು ಇಡ್ತೀನಿ. ಎಂಟು ದಿನ ಬಿಟ್ಟು ನೋಡ್ತೀನಿ. ಬೊಟ್ಟು ದಾಟಿದ್ರೆ ಕೀಳ್ತೀನಿ. ದಾಟದಿದ್ರೆ ಯಾಕೆ ಕೀಳ್ಲಿ? ಮುಕ್ಕಾಲು ಪಾಲು ತಾವೇ ಮಾಯ್ತವೆ.”

ಹೇಳುತ್ತ ಹೇಳುತ್ತ ಅವಳ ದನಿ ನಿಧಾನವಾಯಿತು. ವೈದ್ಯೆ ಅದೇ ಚೀಟಿಯ ಮೇಲೆ ಮುಂದಿನ ವರ್ಷದ ಒಂದು ದಿನ ಬರೆದುಕೊಟ್ಟು, “ಇದು ನನ್ನ ಬೊಟ್ಟು” ಎಂದಳು.

ವರ್ಷ ಕಳೆಯಿತು. ಆ ದಿನ ಬಂದೇ ಬಂತು, ಹೆಂಗಸು ಮಾತ್ರ ಬರಲಿಲ್ಲ. ಏನು ಕೇಳಬೇಕಾಗುತ್ತದೋ ಎಂಬ ಹೆದರಿಕೆ ಅವಳಿಗೆ. ಮರುದಿನ ವೈದ್ಯೆಯೇ ಬಸ್ಸು ಹತ್ತಿ ಬಂದು ಹೊಲದ ಬದುವಿನ ಮೇಲೆ ನಿಂತಳು. ಬಯ್ಯಲಿಲ್ಲ. ಕೈಹಿಡಿದು ಕರೆದುಕೊಂಡು ಹೋದಳು.

ಪರೀಕ್ಷೆಯಾಯಿತು. ಈ ಸಲ ದೋಷವೇನೂ ಕಾಣಲಿಲ್ಲ. ಹೆಂಗಸು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮನಸಾರೆ ಅತ್ತಳು. ಬಹಳ ದಿನಗಳ ಮೇಲೆ ಅವಳಿಗೆ ಹಸಿವಾಯಿತು. ಮುಂದಿನ ಸೋರೆ ಬಲಿಯುವ ಹೊತ್ತಿಗೆ ಬಯಕೆಯೂ ಶುರುವಾಗಿತ್ತು. ತಿಂಗಳು ತುಂಬಿಯೇ ಹೆತ್ತಳು.

ಅಂಬುಜಾಕ್ಷಮ್ಮ ಕತೆ ನಿಲ್ಲಿಸಿದರು. ತಾಹಿರಾಳಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

“ಹೆಂಗಸು ಬದುಕಿಕೊಂಡಳು, ಸಂತೋಷ. ಆದರೆ ಆ ವೈದ್ಯೆ ಮಾಡಿದ್ದಾದರೂ ಏನು, ಮೇಡಂ? ಒಂದು ವರ್ಷ ಕಾದಳು, ಅಷ್ಟೇ ತಾನೇ?”

“ಹೌದಮ್ಮ, ಕಾದಳು, ಆ ಹೆಂಗಸು ಹೊಲ ಕಾದ ಹಾಗೆ.”